12 ಲಕ್ಷ ಸಂಬಳ, 1,800 ಗಂಟೆ ಕೆಲಸ: ಲಾ ಫರ್ಮ್ ಸೇರುವ ಮುಂಚೆ ಏನು ಕೇಳಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಐದು ವರ್ಷದ ಲಾ ಕೋರ್ಸಿನ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಬೆಂಗಳೂರಿನ ಲಾ ಫರ್ಮ್ ಒಂದರಲ್ಲಿ ಇಂಟರ್ನ್‌ಶಿಪ್ ಮಾಡಿದ್ದೆ. ಅವರೇ ಈಗ ರಿಯಲ್ ಎಸ್ಟೇಟ್ ವಿಭಾಗದಲ್ಲಿ ಅಸೋಸಿಯೇಟ್ ಕೆಲಸ ಕೊಟ್ಟಿದ್ದಾರೆ. ವರ್ಷಕ್ಕೆ 12 ಲಕ್ಷ. ತಿಂಗಳಿಗೆ 85,000 ಖಚಿತ, ಉಳಿದ 1.8 ಲಕ್ಷ ವರ್ಷದ ಕೊನೆಗೆ ‘ಕೆಲಸ ನೋಡಿ’. ಪತ್ರದಲ್ಲಿ ‘ವರ್ಷಕ್ಕೆ 1,800 ಬಿಲೆಬಲ್ ಗಂಟೆ ನಿರೀಕ್ಷಿಸುತ್ತೇವೆ’ ಅಂತ ಒಂದೇ ಸಾಲು ಇದೆ. ದಿನಕ್ಕೆ ಐದು ಗಂಟೆ ತಾನೇ ಅಂದುಕೊಂಡೆ. ಆದರೆ ಕಾಲೇಜಿನ ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ಅಮೆರಿಕದಲ್ಲಿ ಹೊಸಬರಿಗೇ 2,25,000 ಡಾಲರ್ ಕೊಡುತ್ತಾರಂತೆ. ಹಾಗಿದ್ದರೆ ನನಗೆ ಕಮ್ಮಿ ಕೊಡುತ್ತಿದ್ದಾರಾ? ಅಪ್ಪ ಬೇರೆ, ಧಾರವಾಡ ಹೈಕೋರ್ಟ್ ಪೀಠದಲ್ಲಿ ಪ್ರಾಕ್ಟೀಸ್ ಮಾಡುವ ಪರಿಚಯದ ವಕೀಲರ ಹತ್ತಿರ ಸೇರಿಕೋ ಅಂತಿದ್ದಾರೆ. ಅಲ್ಲಿ ತಿಂಗಳಿಗೆ 12,000. ಏನು ಮಾಡಲಿ?

ಉತ್ತರ:

ಮೊದಲು ಆ ‘ದಿನಕ್ಕೆ ಐದು ಗಂಟೆ’ ಲೆಕ್ಕ ಸರಿ ಮಾಡೋಣ. ನೀವು 1,800ನ್ನು 365ರಿಂದ ಭಾಗಿಸಿದ್ದೀರಿ. ವರ್ಷದಲ್ಲಿ 104 ಶನಿವಾರ, ಭಾನುವಾರ ಹೋಗುತ್ತವೆ. ಹಬ್ಬ, ಸರ್ಕಾರಿ ರಜೆ ಅಂತ ಹತ್ತು ದಿನ ತೆಗೆಯಿರಿ. ನಿಮ್ಮ ರಜೆ, ಜ್ವರ, ಊರಿನ ಮದುವೆ ಎಲ್ಲ ಸೇರಿ ಇಪ್ಪತ್ತು ದಿನ ಇಟ್ಟುಕೊಳ್ಳಿ. ಉಳಿಯುವುದು 231 ದಿನ. ಅಂದರೆ ದಿನಕ್ಕೆ 7.8 ಗಂಟೆ. ಅದೂ ಕಚೇರಿಯಲ್ಲಿ ಕೂತ ಗಂಟೆ ಅಲ್ಲ, ಬಿಲೆಬಲ್ ಗಂಟೆ, ಅಂದರೆ ಕಕ್ಷಿದಾರರ ಹೆಸರಿಗೆ ಬರೆದು ಫೀಸು ಹಾಕಬಹುದಾದ ಗಂಟೆ.

ಈ ಎರಡಕ್ಕೂ ಎಷ್ಟು ಅಂತರ ಅನ್ನುವುದು ಕೆಲಸಕ್ಕೆ ಸೇರಿದ ಮೇಲೇ ಗೊತ್ತಾಗುತ್ತದೆ. ನೀವು ಸೇರಲಿರುವ ವಿಭಾಗದ ಒಂದು ಸಾಮಾನ್ಯ ದಿನ ಹೀಗಿರುತ್ತದೆ ನೋಡಿ.

ಬೆಳಿಗ್ಗೆ ಹತ್ತಕ್ಕೆ ದೇವನಹಳ್ಳಿ ಕಡೆಯ ನಾಲ್ಕು ಎಕರೆ ಜಮೀನಿನ ಫೈಲು ನಿಮ್ಮ ಮೇಜಿಗೆ ಬರುತ್ತದೆ. ಗೋದಾಮು ಕಟ್ಟುವ ಕಂಪನಿ ಅದನ್ನು ಕೊಳ್ಳಲು ಹೊರಟಿದೆ. ಪಹಣಿ (ನಿಮ್ಮ ಕಡೆಯ ಉತಾರ), ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಇಸಿ (ಋಣಭಾರ ಪ್ರಮಾಣಪತ್ರ), ಹಳೆಯ ಕ್ರಯಪತ್ರಗಳು, ಭೂಪರಿವರ್ತನೆ ಆದೇಶ. 1970ರ ದಶಕದ ಮ್ಯುಟೇಶನ್ ಕೈಬರಹದಲ್ಲಿದೆ, ಜೆರಾಕ್ಸಿನ ಜೆರಾಕ್ಸು. ಅದನ್ನು ಬಿಡಿಸಿ ಓದಿ, ಯಾರಿಂದ ಯಾರಿಗೆ ಹೋಯಿತು ಅಂತ ಟಿಪ್ಪಣಿ ಮಾಡುವಷ್ಟರಲ್ಲಿ 12.20. ಇದು 2.3 ಗಂಟೆ, ಬಿಲೆಬಲ್. ಆಮೇಲೆ ವಿಭಾಗದ ವಾರದ ಮೀಟಿಂಗ್, ಊಟ. ಯಾವುದಕ್ಕೂ ಲೆಕ್ಕವಿಲ್ಲ. ಎರಡಕ್ಕೆ ಬಂದು ಕೂತರೆ ಪಾರ್ಟ್ನರ್ (ಫರ್ಮಿನ ಪಾಲುದಾರ ವಕೀಲರು) ಒಬ್ಬರು ಎಲ್ಲೋ ಭಾಷಣ ಮಾಡಬೇಕು, ನಾಲ್ಕು ತೀರ್ಪು ಹುಡುಕಿಕೊಡಿ ಅನ್ನುತ್ತಾರೆ. ನಲವತ್ತು ನಿಮಿಷ ಹೋಯಿತು, ಅದೂ ಬಿಲೆಬಲ್ ಅಲ್ಲ.

ಮತ್ತೆ ಫೈಲಿಗೆ ಬರುತ್ತೀರಿ. ಮ್ಯುಟೇಶನ್ನಿನ ಷರಾ ಕಾಲಂನಲ್ಲಿ ‘ಮಂಜೂರು’ ಅಂತ ಇದ್ದಂತೆ ಕಾಣುತ್ತದೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಾಗಿದ್ದರೆ ಇಡೀ ವ್ಯವಹಾರವೇ ನಿಲ್ಲುತ್ತದೆ. 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈಬದಲಾಗದಂತೆ ತಡೆಯುವ ಕಾಯ್ದೆ) ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯಿಂದ ಮೂಲ ಮಂಜೂರುದಾರರ ಕುಟುಂಬ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಇದನ್ನು ಪರಿಶೀಲಿಸಿ ಬರೆಯಲು 2.5 ಗಂಟೆ. ಐದೂ ಕಾಲಿನಿಂದ ಆರರವರೆಗೆ ಸೀನಿಯರ್ ಅಸೋಸಿಯೇಟ್ ನಿಮ್ಮ ಕರಡು ನೋಡಲಿ ಅಂತ ಕಾಯುತ್ತೀರಿ. ಆರಕ್ಕೆ ಕೆಂಪು ಗೆರೆಗಳೊಂದಿಗೆ ಅದು ವಾಪಸ್ ಬರುತ್ತದೆ. ತಿದ್ದಿ ಮುಗಿಸುವಾಗ ಎಂಟೂವರೆ. ಇನ್ನೊಂದು 2.5. ಕೊನೆಯ ಕಾಲು ಗಂಟೆ ಟೈಮ್‌ಶೀಟ್ ತುಂಬಲು.

ಕಚೇರಿಯಲ್ಲಿ ಹತ್ತು ಮುಕ್ಕಾಲು ಗಂಟೆ ಇದ್ದಿರಿ. ಟೈಮ್‌ಶೀಟಿನಲ್ಲಿ 7.3. ಒಂದು ನಿಮಿಷ ಸುಮ್ನೆ ಕಳೆದಿಲ್ಲ. ಆದರೂ ದಿನದ ಗುರಿಗೆ ಅರ್ಧ ಗಂಟೆ ಕಮ್ಮಿ.

ಇದು ನಿಮ್ಮ ಫರ್ಮಿನ ಕಥೆ ಮಾತ್ರ ಅಲ್ಲ. ಅಮೆರಿಕದ ಯೇಲ್ ಲಾ ಸ್ಕೂಲ್ ತನ್ನ ವಿದ್ಯಾರ್ಥಿಗಳಿಗಾಗಿ ಇಂಥದ್ದೇ ಲೆಕ್ಕ ಮಾಡಿದೆ. 1,800ರ ಆಸುಪಾಸು ಬಿಲ್ ಮಾಡಲು ವರ್ಷಕ್ಕೆ ಸುಮಾರು 2,400 ಗಂಟೆ ಕಚೇರಿಯಲ್ಲಿರಬೇಕು, 2,200 ಬಿಲ್ ಮಾಡಬೇಕಾದರೆ 3,000 ದಾಟುತ್ತದೆ ಅಂತ. ಹಾಗಾಗಿ ನಿಮ್ಮ ನಿಜವಾದ ಸಂಬಳ ತಿಳಿಯಬೇಕಾದರೆ 12 ಲಕ್ಷವನ್ನು 2,400ರಿಂದ ಭಾಗಿಸಿ. ಗಂಟೆಗೆ 500 ರೂಪಾಯಿ. ವರ್ಷದ ಕೊನೆಯ 1.8 ಲಕ್ಷ ಕೈಗೆ ಬರದಿದ್ದರೆ 425. ಎರಡು ಆಫರ್ ಹೋಲಿಸುವಾಗ ಈ ಅಂಕಿಯನ್ನೇ ಹೋಲಿಸಿ. 1,500 ಬಿಲೆಬಲ್ ಗಂಟೆ (ಅದೇ ಲೆಕ್ಕದಲ್ಲಿ ಕಚೇರಿಯಲ್ಲಿ 2,000 ಗಂಟೆ) ಕೇಳಿ 10 ಲಕ್ಷ ಕೊಡುವವರೂ ನಿಮಗೆ ಗಂಟೆಗೆ 500ನ್ನೇ ಕೊಡುತ್ತಾರೆ. ಸಂಜೆಯ ಹೊತ್ತು ನಿಮಗೇ ಉಳಿಯುತ್ತದೆ.

ಇನ್ನು ಅಮೆರಿಕದ ವಿಷಯ. ನೀವು ಕೇಳಿದ ಅಂಕಿ ನಿಜ. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮಿಲ್‌ಬ್ಯಾಂಕ್ ಫರ್ಮ್ ಹೊಸಬರ ಸಂಬಳವನ್ನು 2,25,000 ಡಾಲರಿಗೆ ಏರಿಸಿತು. ಕ್ರವಾತ್ ಮತ್ತು ಉಳಿದ ದೊಡ್ಡ ಫರ್ಮ್‌ಗಳು ಹಿಂದೆಯೇ ಬಂದವು. ಅಲ್ಲಿ ಒಬ್ಬರು ಏರಿಸಿದರೆ ವಾರಗಳೊಳಗೆ ಎಲ್ಲರೂ ಏರಿಸುತ್ತಾರೆ. 2007ರಲ್ಲಿ 1,60,000, 2016ರಲ್ಲಿ 1,80,000, 2018ರಲ್ಲಿ 1,90,000 ಹೀಗೇ ಆದದ್ದು. ಆದರೆ ಅದು ಅಲ್ಲಿನ ಎಲ್ಲ ಹೊಸ ವಕೀಲರ ಸಂಬಳ ಅಲ್ಲ. ಅಲ್ಲಿನ ಸಂಬಳದ ಪಟ್ಟಿ ನೋಡಿದರೆ ಜನ ಎರಡು ಕಡೆ ಗುಂಪಾಗಿದ್ದಾರೆ. ಒಂದು ಗುಂಪು ಈ ದೊಡ್ಡ ಅಂಕಿಯ ಹತ್ತಿರ. ಇನ್ನೊಂದು ಅದರ ಅರ್ಧಕ್ಕಿಂತ ಕೆಳಗೆ. ಸಣ್ಣ ಫರ್ಮ್, ಸರ್ಕಾರಿ ವಕೀಲಿಕೆ, ಬಡವರ ಪರ ವಾದಿಸುವ ಕಚೇರಿ ಎಲ್ಲ ಅಲ್ಲೇ ಬರುತ್ತವೆ. ನಡುವೆ ಹೆಚ್ಚು ಜನ ಇಲ್ಲ.

ದೊಡ್ಡ ಫರ್ಮ್ ಸೇರಿದವರಿಗೂ ಪೂರ್ತಿ ಹಣ ಕೈಗೆ ಸಿಗುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಒಬ್ಬಂಟಿಯಾಗಿ ಇರುವವರಿಗೆ ಕೇಂದ್ರ, ರಾಜ್ಯ, ನಗರ ತೆರಿಗೆ ಮತ್ತು ಸೋಶಿಯಲ್ ಸೆಕ್ಯುರಿಟಿ ಕಳೆದು ಉಳಿಯುವುದು ಸುಮಾರು 1,45,000. ಅದರಲ್ಲಿ ಬಾಡಿಗೆ, ಅದರಲ್ಲೇ ಓದಿನ ಸಾಲದ ಕಂತು. ಬೋನಸ್ ಬೇಕಾದರೆ ಬಹಳ ಕಡೆ 1,900ರಿಂದ 2,000 ಗಂಟೆ ಬಿಲ್ ಮಾಡಬೇಕು. ಭಾರತದಲ್ಲಿ ಓದಿದವರು ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪರೀಕ್ಷೆ ಪಾಸಾದರೂ ಈ ಕೆಲಸ ತಾನಾಗಿ ಸಿಗುವುದಿಲ್ಲ. ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವುದರಿಂದ ನಿಮ್ಮ ನಿರ್ಧಾರಕ್ಕೆ ಏನೂ ಸಹಾಯ ಆಗುವುದಿಲ್ಲ. ಅದನ್ನು ಬಿಟ್ಟುಬಿಡಿ.

ಆ ದೇಶದಿಂದ ತಿಳಿಯಬೇಕಾದದ್ದು ಬೇರೆ ಇದೆ. ಈ ಗಂಟೆ ಲೆಕ್ಕ ಬೆಳೆದದ್ದು ಅಲ್ಲಿ. 1958ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಶನ್ ವಕೀಲರ ಆದಾಯ ಯಾಕೆ ಏರುತ್ತಿಲ್ಲ ಅಂತ ಒಂದು ಪುಸ್ತಿಕೆ ತಂದಿತು. ಕೆಲಸದ ಸಮಯ ಬರೆದಿಡಿ, ಅದರ ಮೇಲೆ ಫೀಸು ಹಾಕಿ ಅನ್ನುವುದು ಅದರ ಸಲಹೆ. ಒಬ್ಬ ವಕೀಲ ವರ್ಷಕ್ಕೆ ಸುಮಾರು 1,300 ಗಂಟೆಗೆ ಫೀಸು ಹಾಕಬಹುದು ಅಂತ ಅದರಲ್ಲಿತ್ತು. 1975ರಲ್ಲಿ ಗೋಲ್ಡ್‌ಫಾರ್ಬ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬಾರ್ ಸಂಘಗಳು ಗೊತ್ತುಮಾಡಿದ್ದ ಕನಿಷ್ಠ ಫೀಸಿನ ಪಟ್ಟಿ ಕಾನೂನುಬಾಹಿರ ಅಂದಿತು. ಆಮೇಲೆ ಗಂಟೆ ಲೆಕ್ಕವೇ ಎಲ್ಲ ಕಡೆ ನಿಂತಿತು. 1,300 ಇದ್ದದ್ದು 2,000 ಆಯಿತು. ದಿನದ ಗಂಟೆಗಳು ಮಾತ್ರ ಅಷ್ಟೇ ಇವೆ.

ನಮ್ಮಲ್ಲಿ ಕೋರ್ಟ್ ವಕೀಲರು ಗಂಟೆ ಲೆಕ್ಕ ಹಾಕುವುದು ಕಮ್ಮಿ. ಕೇಸಿಗೆ ಇಷ್ಟು, ಹಾಜರಿಗೆ ಇಷ್ಟು. ಗೆದ್ದರೆ ಇಷ್ಟು ಪಾಲು ಅನ್ನುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ. ಗಂಟೆ ಲೆಕ್ಕ ಬಂದದ್ದು ಕಂಪನಿಗಳ ಕೆಲಸ ಮಾಡುವ ಫರ್ಮ್‌ಗಳಿಗೆ, ಅದರಲ್ಲೂ ವಿದೇಶಿ ಕಕ್ಷಿದಾರರಿಂದ. ಆದರೆ ಬೆಂಗಳೂರಿನ ಕಂಪನಿಗಳು ಗಂಟೆ ಲೆಕ್ಕದ ಬಿಲ್ ಒಪ್ಪುವುದು ಅಪರೂಪ. ‘ಒಟ್ಟು ಎಷ್ಟಾಗುತ್ತೆ ಹೇಳಿ’ ಅನ್ನುತ್ತಾರೆ. ನಿಮ್ಮ ಆಫರಿನ ಮುಖ್ಯ ತೊಡಕು ಇರುವುದೇ ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಆ ದೇವನಹಳ್ಳಿ ಜಮೀನಿನ ಟೈಟಲ್ ರಿಪೋರ್ಟಿಗೆ (ಜಮೀನಿನ ಹಕ್ಕು ಯಾರದ್ದು ಅನ್ನುವ ವರದಿಗೆ) ಫರ್ಮ್ 4 ಲಕ್ಷ ಅಂತ ಮಾತಾಡಿದೆ ಅಂದುಕೊಳ್ಳಿ. ಲೆಕ್ಕ ಅರ್ಥವಾಗಲಿ ಅಂತ ನಾನೇ ಅಂಕಿ ಹಾಕುತ್ತಿದ್ದೇನೆ. ನಿಮ್ಮ ಗಂಟೆಗೆ 4,000, ಸೀನಿಯರ್ ಅಸೋಸಿಯೇಟ್ ಗಂಟೆಗೆ 8,000, ಪಾರ್ಟ್ನರ್ ಗಂಟೆಗೆ 20,000. ನೀವು 90 ಗಂಟೆ, ಸೀನಿಯರ್ 15, ಪಾರ್ಟ್ನರ್ 5 ಗಂಟೆ ಹಾಕಿದಿರಿ. ಒಟ್ಟು 5.8 ಲಕ್ಷದ ಕೆಲಸ. ಬಿಲ್ ಹೋಗುವುದು 4 ಲಕ್ಷಕ್ಕೆ. ಉಳಿದ 1.8 ಲಕ್ಷವನ್ನು ಯಾರದೋ ಗಂಟೆಯಿಂದ ಕಡಿಯಬೇಕು. ಇದನ್ನು ರೈಟ್-ಆಫ್ ಅನ್ನುತ್ತಾರೆ. ಬಹಳ ಸಲ ಕಡಿಯುವುದು ಹೊಸಬರ ಗಂಟೆಯಿಂದ. ‘ಅವಳು ಕಲಿಯುತ್ತಿದ್ದಳು, ಅಷ್ಟೊಂದು ಬೇಕಿರಲಿಲ್ಲ’ ಅಂತ ಕಾರಣ ಸುಲಭವಾಗಿ ಸಿಗುತ್ತದೆ. ನಿಮ್ಮ 90 ಗಂಟೆ 45 ಆಗುತ್ತದೆ.

ಈಗ ನಿಮ್ಮ ಪತ್ರದ ಆ ಒಂದು ಸಾಲನ್ನು ಮತ್ತೆ ಓದಿ. 1,800 ಅಂದರೆ ನೀವು ಟೈಮ್‌ಶೀಟಿನಲ್ಲಿ ಬರೆದ ಗಂಟೆಯಾ, ಅಥವಾ ಕಡಿದ ಮೇಲೆ ಬಿಲ್ಲಿಗೆ ಹೋದ ಗಂಟೆಯಾ? ಮೊದಲನೆಯದಾದರೆ ಕಷ್ಟ, ಆದರೆ ಆಗುವಂಥದ್ದು. ಎರಡನೆಯದಾದರೆ ವರ್ಷದ ಕೊನೆಗೆ ಬರಬೇಕಾದ ನಿಮ್ಮ ಬೋನಸ್ ನಿಮ್ಮ ಕೈಯಲ್ಲಿಲ್ಲ. ಫೀಸು ಮಾತಾಡಿದವರು ಪಾರ್ಟ್ನರ್, ಗಂಟೆ ಕಡಿದವರು ಪಾರ್ಟ್ನರ್, ದುಡ್ಡು ಕಳೆದುಕೊಳ್ಳುವವರು ನೀವು. ಹಾಗಾಗಿ 12 ಲಕ್ಷವೋ 13 ಲಕ್ಷವೋ ಅಂತ ಚೌಕಾಸಿ ಮಾಡುವುದಕ್ಕಿಂತ ಮುಂಚೆ ಗಂಟೆ ಎಣಿಸುವ ನಿಯಮ ಏನು ಅಂತ ಕೇಳಬೇಕು ಅನ್ನುತ್ತೇನೆ. ಮೊದಲ ವರ್ಷದವರಿಗೆ ಕೆಲಸ ತಂದುಕೊಡುವುದು ಪಾರ್ಟ್ನರುಗಳ ಹೊಣೆ. ಕೆಲಸ ಬರದ ತಿಂಗಳಿಗೆ ಹೊಸಬರನ್ನು ಹೊಣೆ ಮಾಡುವ ಕಚೇರಿ ಎಷ್ಟು ಸಂಬಳ ಕೊಟ್ಟರೂ ಅದು ಸರಿಯಾದ ಆಫರ್ ಅಲ್ಲ.

ಟೈಮ್‌ಶೀಟ್ ಬರೆಯುವುದು ಹೇಗೆ ಅಂತಲೂ ಸೇರುವ ಮುಂಚೆಯೇ ತಿಳಿದಿರಲಿ. ಹೆಚ್ಚಿನ ಕಡೆ ಆರು ನಿಮಿಷಕ್ಕೆ ಒಂದು ಭಾಗ, ಅಂದರೆ 0.1. ನಾಲ್ಕು ನಿಮಿಷದ ಫೋನೂ 0.1, ಹದಿನೈದು ನಿಮಿಷದ ಇಮೇಲ್ 0.3. ಕೆಲಸ ಮುಗಿದ ಕೂಡಲೇ ಬರೆಯಿರಿ. ಶುಕ್ರವಾರ ಸಂಜೆ ಕೂತು ಸೋಮವಾರದ್ದನ್ನು ನೆನಪಿಸಿಕೊಂಡರೆ ಅರ್ಧ ಬಿಟ್ಟುಹೋಗುತ್ತದೆ, ಉಳಿದರ್ಧ ಊಹೆ ಆಗುತ್ತದೆ. ವಿವರವೂ ಮುಖ್ಯ. ‘ದಾಖಲೆ ಪರಿಶೀಲನೆ, 5.0’ ಅಂತ ಬರೆದರೆ ಕಂಪನಿಯ ಲೀಗಲ್ ವಿಭಾಗದವರು ಮೊದಲು ಅದಕ್ಕೇ ಗೆರೆ ಎಳೆಯುತ್ತಾರೆ. ‘1968ರಿಂದ 1985ರವರೆಗಿನ ಪಹಣಿ, ಮ್ಯುಟೇಶನ್ ಓದಿ ಹಕ್ಕು ಬಂದ ಬಗೆಯ ಟಿಪ್ಪಣಿ, 2.3. ಮಂಜೂರಾತಿ ಷರಾ ಬಗ್ಗೆ ಪಿಟಿಸಿಎಲ್ ಕಾಯ್ದೆ ಅಡಿ ಪರಿಶೀಲನೆ, ಟಿಪ್ಪಣಿ, 2.5’ ಅಂತ ಬರೆದರೆ ಪಾರ್ಟ್ನರಿಗೂ ಅದನ್ನು ಕಡಿಯಲು ಕೈ ಬರುವುದಿಲ್ಲ.

ಸುಳ್ಳು ಗಂಟೆ ಬರೆಯಬೇಡಿ ಅಂತ ನಿಮಗೆ ಹೇಳಬೇಕಿಲ್ಲ. ಒಂದೇ ಸಮಯವನ್ನು ಇಬ್ಬರು ಕಕ್ಷಿದಾರರಿಗೆ ಬಿಲ್ ಮಾಡುವಂತಿಲ್ಲ ಅಂತ ಅಮೆರಿಕನ್ ಬಾರ್ ಅಸೋಸಿಯೇಶನ್ 1993ರಲ್ಲೇ ಸ್ಪಷ್ಟ ಮಾಡಿದೆ. ಒಬ್ಬರ ಕೆಲಸಕ್ಕೆ ವಿಮಾನದಲ್ಲಿ ಹೋಗುತ್ತಾ ಇನ್ನೊಬ್ಬರ ಕರಡು ತಿದ್ದಿದರೆ ಇಬ್ಬರಿಗೂ ಆ ಗಂಟೆ ಹಾಕುವಂತಿಲ್ಲ. ಆದರೆ ಹೊಸಬರು, ಅದರಲ್ಲೂ ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯಂಥ ಊರುಗಳ ಕಾಲೇಜಿನಿಂದ ಬಂದವರು ಜಾಸ್ತಿ ಮಾಡುವುದು ಇದರ ಉಲ್ಟಾ. ಐದು ಗಂಟೆ ಕೆಲಸ ಮಾಡಿ ಮೂರು ಅಂತ ಬರೆಯುತ್ತಾರೆ. ‘ನಾನು ನಿಧಾನ, ಬೇರೆಯವರಾಗಿದ್ದರೆ ಬೇಗ ಮುಗಿಸುತ್ತಿದ್ದರು’ ಅನ್ನುವ ಸಂಕೋಚ. ಹಾಗೆ ಮಾಡಲೇಬೇಡಿ. ನಿಮ್ಮ ತಿಂಗಳ ಪಟ್ಟಿ ನೋಡಿದವರಿಗೆ ನೀವು ಖಾಲಿ ಕೂತಿದ್ದಿರಿ ಅಂತ ಕಾಣುತ್ತದೆ. ಅಷ್ಟೇ ಅಲ್ಲ, ಒಂದು ಟೈಟಲ್ ರಿಪೋರ್ಟಿಗೆ ನಿಜವಾಗಿ ಎಷ್ಟು ಹೊತ್ತು ಬೇಕು ಅಂತ ಫರ್ಮಿಗೇ ಗೊತ್ತಾಗುವುದಿಲ್ಲ. ಮುಂದಿನ ಸಲ ಇನ್ನೂ ಕಮ್ಮಿಗೆ ಮಾತಾಡಿ ಬರುತ್ತಾರೆ. ಆ ಭಾರವೂ ನಿಮ್ಮಂಥವರ ಮೇಲೇ ಬೀಳುತ್ತದೆ. ಆದದ್ದನ್ನು ಆದಂತೆ ಬರೆಯಿರಿ. ಕಡಿಯುವುದು ಪಾರ್ಟ್ನರ್ ಕೆಲಸ.

ಇಲ್ಲೇ ಇನ್ನೊಂದು ಮಾತು. ನೀವು ಕನ್ನಡದಲ್ಲಿ ಓದಿ ಬೆಳೆದವರು ಅಂತ ನಿಮ್ಮ ಪತ್ರದ ಭಾಷೆಯಿಂದಲೇ ಗೊತ್ತಾಗುತ್ತದೆ. ಬೆಂಗಳೂರಿನ ರಿಯಲ್ ಎಸ್ಟೇಟ್ ವಿಭಾಗದಲ್ಲಿ ಅದು ಸಣ್ಣ ಬಲ ಅಲ್ಲ. ಹೊರ ರಾಜ್ಯದಿಂದ ಬಂದು, ದೊಡ್ಡ ಕಾಲೇಜಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಚೆಂದ ಬರೆಯುವ ಎಷ್ಟೋ ಜನ ಕೈಬರಹದ ಮ್ಯುಟೇಶನ್ ಮುಂದೆ ನಿಂತುಬಿಡುತ್ತಾರೆ. ಅನುವಾದಕ್ಕೆ ಕಳಿಸಿ ಕಾಯುತ್ತಾರೆ. ತಾಲ್ಲೂಕು ಕಚೇರಿಯ ಗುಮಾಸ್ತರ ಹತ್ತಿರ ಹೋಗಿ ‘ಸರ್, ಈ ಷರಾದಲ್ಲಿ ಆದೇಶದ ನಂಬರ್ ಏನಿದೆ, ಮೂಲ ವಹಿ ಸ್ವಲ್ಪ ತೋರಿಸ್ತೀರಾ’ ಅಂತ ಕೇಳುವವರು ಫರ್ಮಿಗೆ ಬೇಕೇ ಬೇಕು. ಒಂದು ಎಚ್ಚರಿಕೆ ಇರಲಿ. ಈ ಕೆಲಸವನ್ನು ‘ಸ್ವಲ್ಪ ಓದಿ ಹೇಳಿಬಿಡಿ’ ಅಂತ ಬೇರೆ ತಂಡದವರು ಮಾತಿನಲ್ಲೇ ಮಾಡಿಸಿಕೊಳ್ಳುತ್ತಾರೆ. ಆಗ ಅವರ ಕಡತದ ನಂಬರ್ ಕೇಳಿ ತೆಗೆದುಕೊಳ್ಳಿ. ‘ಖಂಡಿತ ನೋಡ್ತೀನಿ, ಯಾವ ಮ್ಯಾಟರಿಗೆ ಟೈಮ್ ಹಾಕಲಿ?’ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ದುಡ್ಡು ಕೈಗೆ ಹೇಗೆ ಬರುತ್ತದೆ ಅನ್ನುವುದು. ಪತ್ರದಲ್ಲಿ ‘ಸಂಬಳ’ ಅಂತ ಇದೆಯಾ, ‘ರಿಟೇನರ್’ ಅಥವಾ ‘ವೃತ್ತಿ ಶುಲ್ಕ’ ಅಂತ ಇದೆಯಾ ನೋಡಿ. ಪೂರ್ತಿ ಹೊತ್ತಿನ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮ ಹೇಳುತ್ತದೆ. ಹಾಗಾಗಿ ಬಹಳ ಫರ್ಮ್‌ಗಳು ಅಸೋಸಿಯೇಟ್‌ಗಳಿಗೆ ಸಂಬಳದ ಬದಲು ವೃತ್ತಿ ಶುಲ್ಕ ಕೊಡುತ್ತವೆ. ಇದರಿಂದ ತಿಂಗಳ 85,000ದಲ್ಲಿ 10 ಪರ್ಸೆಂಟ್ ಟಿಡಿಎಸ್ (ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿದು 76,500 ಖಾತೆಗೆ ಬರುತ್ತದೆ. ಪಿಎಫ್ ಇಲ್ಲ. ಗ್ರಾಚ್ಯುಟಿ ಇಲ್ಲ.

ಗಾಬರಿ ಬೇಡ, ಆ ಟಿಡಿಎಸ್ ಹೋದ ದುಡ್ಡಲ್ಲ. ಆದಾಯ ತೆರಿಗೆಯಲ್ಲಿ 44ಎಡಿಎ ಅಂತ ಎಲ್ಲರೂ ಕರೆಯುವ ಪದ್ಧತಿಯಲ್ಲಿ ವಕೀಲರು ತಮ್ಮ ಒಟ್ಟು ಗಳಿಕೆಯ ಅರ್ಧವನ್ನು ಆದಾಯ ಅಂತ ತೋರಿಸಬಹುದು. 12 ಲಕ್ಷಕ್ಕೆ 6 ಲಕ್ಷ. 2025-26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ನಿಮಗೆ ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ. ರಿಟರ್ನ್ ಹಾಕಿದರೆ ಕಡಿದದ್ದೆಲ್ಲ ವಾಪಸ್ ಬರುತ್ತದೆ. ಆದರೆ ಅದು ಮುಂದಿನ ವರ್ಷದ ಮಾತು. ಮೊದಲ ವರ್ಷದ ಬಾಡಿಗೆ, ಅಡ್ವಾನ್ಸು ಎಲ್ಲವನ್ನೂ 76,500ರ ಲೆಕ್ಕದಲ್ಲೇ ಯೋಚಿಸಿ. ಪಿಎಫ್ ಇಲ್ಲದಿರುವುದರಿಂದ ತಿಂಗಳಿಗೆ ಏಳೆಂಟು ಸಾವಿರವಾದರೂ ನೀವೇ ಪಿಪಿಎಫ್‌ಗೋ ಬೇರೆ ಉಳಿತಾಯಕ್ಕೋ ಹಾಕಬೇಕು.

ಓವರ್‌ಟೈಮ್ ಕೇಳಬಹುದಾ ಅಂತ ಕೆಲವರು ನನ್ನನ್ನು ಕೇಳಿದ್ದುಂಟು. ಅದನ್ನು ನೆಚ್ಚಿಕೊಳ್ಳಬೇಡಿ. ವಕೀಲರ ಕಚೇರಿ ಅಂಗಡಿ-ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುವ ‘ವಾಣಿಜ್ಯ ಸಂಸ್ಥೆ’ ಅಲ್ಲ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ದಿನಕ್ಕೆ ಇಷ್ಟೇ ಗಂಟೆ ಅನ್ನುವ ಕಾನೂನಿನ ಆಸರೆಯನ್ನು ನಂಬಿ ಕೂರಬೇಡಿ. ಪತ್ರದಲ್ಲಿ ಏನು ಬರೆಸಿಕೊಳ್ಳುತ್ತೀರೋ ಅದೇ ಆಸರೆ. ಅದಕ್ಕೇ ಆರೋಗ್ಯ ವಿಮೆ, ಹೆರಿಗೆ ರಜೆ, ನೋಟಿಸ್ ಅವಧಿ ಮೂರೂ ಬರಹದಲ್ಲಿರಲಿ. ರಿಟೇನರ್ ಮೇಲೆ ಇರುವವರಿಗೆ 26 ವಾರದ ಹೆರಿಗೆ ರಜೆ ಕೊಡುವ ಫರ್ಮ್‌ಗಳಿವೆ. ಆದರೆ ಅದು ಅವರ ಪಾಲಿಸಿಯಿಂದ ಸಿಗುವುದು, ಆದ್ದರಿಂದ ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ. ಈಗಲೇ ಇದನ್ನು ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಬೇಡ. ನೀವು ವಕೀಲರಾಗಿ ಸೇರುತ್ತಿದ್ದೀರಿ, ಒಪ್ಪಂದ ಓದಿ ಪ್ರಶ್ನೆ ಕೇಳುವುದೇ ನಿಮ್ಮ ಕೆಲಸ.

ಅಪ್ಪ ಹೇಳಿದ ಧಾರವಾಡದ ವಿಷಯಕ್ಕೆ ಬರೋಣ. 12,000 ಅಂದ ಕೂಡಲೇ ತಳ್ಳಿಹಾಕಬೇಡಿ, ಆದರೆ ಅದನ್ನು ಸುಮ್ನೆ ಒಪ್ಪಿಕೊಳ್ಳಲೂ ಬೇಡಿ. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿದೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ಕೊಡಿ ಅಂತ. ಅದೇ ವರ್ಷ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡು, ಪುದುಚೇರಿಗೆ ಇಂಥದ್ದೇ ಮೊತ್ತ ಹೇಳಿತ್ತು. ಬಾರ್ ಕೌನ್ಸಿಲ್ ಸುತ್ತೋಲೆ ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಹಾಗಾಗಿ ಹೆಚ್ಚಿನ ಕಚೇರಿಗಳಲ್ಲಿ ಅದು ಗೋಡೆ ದಾಟಿ ಒಳಗೆ ಬಂದಿಲ್ಲ. ನನಗೆ ಇದರ ಬಗ್ಗೆ ಬೇಸರ ಇದೆ. ಮನೆಯವರು ಮೂರು ವರ್ಷ ಸಾಕಬಲ್ಲ ಮಕ್ಕಳಷ್ಟೇ ಕೋರ್ಟಿನಲ್ಲಿ ನಿಲ್ಲುವಂತಾದರೆ ಉಳಿದವರು ಎಲ್ಲಿಗೆ ಹೋಗಬೇಕು? ಆ ಸೀನಿಯರ್ ಹತ್ತಿರ ಗೌರವದಿಂದಲೇ ಕೇಳಬಹುದು. ‘ಸರ್, ಬಾರ್ ಕೌನ್ಸಿಲ್ ಸುತ್ತೋಲೆ ನೋಡಿದೆ. ಆರು ತಿಂಗಳ ಕೆಲಸ ನೋಡಿ ಅಷ್ಟಕ್ಕೆ ಏರಿಸುತ್ತೀರಾ?’ ಅಂತ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನಿಮ್ಮ ಹೆಸರಿನಲ್ಲಿ ಸ್ವಂತ ವಕಾಲತ್ತು ಹಾಕಲು ಬಿಡುತ್ತಾರಾ? ಬಿಡುವುದಾದರೆ ಎರಡನೇ ವರ್ಷಕ್ಕೆ ಆ 12,000 ನಿಮ್ಮ ಗಳಿಕೆಯ ಒಂದು ಭಾಗ ಮಾತ್ರ ಆಗಬಹುದು. ಬಿಡದಿದ್ದರೆ ಅಷ್ಟೇ ನಿಮ್ಮ ಗಳಿಕೆ. ಧಾರವಾಡದಲ್ಲಿ ನೀವು ಮನೆಯಿಂದ ಓಡಾಡುತ್ತೀರಿ, ಬಾಡಿಗೆ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಧ್ಯಂತರ ಅರ್ಜಿ ಬರೆಯುವುದು, ಬೋರ್ಡಿನಲ್ಲಿ ಕೇಸು ಕರೆದಾಗ ಎದ್ದು ನಿಲ್ಲುವುದು, ನ್ಯಾಯಮೂರ್ತಿಗಳ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವುದು, ಇದನ್ನು ಯಾವ ರಿಯಲ್ ಎಸ್ಟೇಟ್ ವಿಭಾಗವೂ ಕಲಿಸುವುದಿಲ್ಲ.

ಹಾಗಾದರೆ ಯಾವುದು? ನಿಮಗೆ ವಾದ ಮಾಡುವ ಆಸೆ ಇದ್ದರೆ ಧಾರವಾಡಕ್ಕೇ ಹೋಗಿ. ಬೆಂಗಳೂರಿನ ಫರ್ಮಿನಲ್ಲಿ ಮೂರು ವರ್ಷ ದುಡ್ಡು ಮಾಡಿ ಆಮೇಲೆ ಕೋರ್ಟಿಗೆ ಬರುತ್ತೇನೆ ಅಂದವರಲ್ಲಿ ಬಂದವರನ್ನು ನಾನು ಕಂಡದ್ದು ಕಮ್ಮಿ. ಸಂಬಳ ಏರಿದಂತೆ ಮನೆಯ ಖರ್ಚೂ ಏರುತ್ತದೆ, ಮತ್ತೆ 15,000ಕ್ಕೆ ಇಳಿಯಲು ಯಾರಿಗೂ ಆಗುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಕೋರ್ಟಿನಲ್ಲಿ ವಾದಿಸುವ ಆಸೆಯ ಬಗ್ಗೆ ಒಂದು ಮಾತೂ ಇಲ್ಲ. ಇಂಟರ್ನ್‌ಶಿಪ್ ಮಾಡಿದ ಫರ್ಮಿಗೇ, ಅದೂ ರಿಯಲ್ ಎಸ್ಟೇಟ್ ವಿಭಾಗಕ್ಕೆ, ವಾಪಸ್ ಹೋಗಲು ನೀವು ಯೋಚಿಸುತ್ತಿದ್ದೀರಿ. ದಾಖಲೆ ಓದುವುದು, ವ್ಯವಹಾರ ಕಟ್ಟುವುದು ನಿಮಗೆ ಹಿಡಿಸಿದೆ ಅಂತ ನಾನು ಓದಿಕೊಂಡಿದ್ದೇನೆ. ಅದು ಸರಿಯಾಗಿದ್ದರೆ ಬೆಂಗಳೂರಿನ ಆಫರ್ ಒಳ್ಳೆಯದೇ. ದೇಶದ ಅತಿ ದೊಡ್ಡ ಫರ್ಮ್‌ಗಳು ಹೊಸಬರಿಗೆ ಇದಕ್ಕಿಂತ ಜಾಸ್ತಿ ಕೊಡುತ್ತವೆ, ನಿಜ. ಆದರೆ 12 ಲಕ್ಷ ನಿಮ್ಮನ್ನು ಕಡೆಗಣಿಸಿ ಕೊಟ್ಟ ಮೊತ್ತ ಅಲ್ಲ. 1,800 ಗಂಟೆಯೂ ಅಸಾಧ್ಯ ಅಲ್ಲ. ಅದನ್ನು ಹೇಗೆ ಎಣಿಸುತ್ತಾರೆ ಅನ್ನುವುದು ಗೊತ್ತಾಗಬೇಕು, ಅಷ್ಟೇ.

ಅದಕ್ಕೆ ಎಚ್‌ಆರ್‌ಗೆ ಒಂದು ಇಮೇಲ್ ಬರೆಯಿರಿ. ಫೋನಿನಲ್ಲಿ ಬೇಡ, ಉತ್ತರ ಬರಹದಲ್ಲಿರಬೇಕು. ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಆದರೆ ಅದರೊಳಗೆ ಇರಬೇಕಾದದ್ದು ಇದು: ‘ಆಫರಿಗೆ ಧನ್ಯವಾದ. ಸೇರಲು ಉತ್ಸಾಹ ಇದೆ. 1,800 ಗಂಟೆಯ ಬಗ್ಗೆ ಕೆಲವು ವಿವರ ಬೇಕಿತ್ತು. ಇದು ಟೈಮ್‌ಶೀಟಿನಲ್ಲಿ ದಾಖಲಾದ ಗಂಟೆಯೋ, ಬಿಲ್ ಆದ ಗಂಟೆಯೋ? ತರಬೇತಿ, ಉಚಿತ ಕಾನೂನು ನೆರವು, ಹೊಸ ಕಕ್ಷಿದಾರರಿಗೆ ಪ್ರಸ್ತಾವನೆ ಸಿದ್ಧಪಡಿಸುವ ಕೆಲಸ ಇದರಲ್ಲಿ ಸೇರುತ್ತದೆಯೇ? ನಾನು ವರ್ಷದ ನಡುವೆ ಸೇರುವುದರಿಂದ ಗುರಿಯನ್ನು ತಿಂಗಳ ಲೆಕ್ಕದಲ್ಲಿ ಇಳಿಸುತ್ತೀರಾ? 1.8 ಲಕ್ಷ ಪೂರ್ತಿ ಗುರಿ ಮುಟ್ಟಿದವರಿಗೆ ಮಾತ್ರವೋ, ಮುಟ್ಟಿದಷ್ಟಕ್ಕೆ ತಕ್ಕಂತೆಯೋ?’ ಕೊನೆಯ ಪ್ರಶ್ನೆ ಬಿಡಬೇಡಿ. 1,790 ಮಾಡಿದವರಿಗೆ ಸೊನ್ನೆ ಕೊಡುವ ಕಡೆಗಳಿವೆ.

ಇಮೇಲಿನಲ್ಲಿ ಕೇಳಲಾಗದ ಒಂದು ಪ್ರಶ್ನೆ ಇದೆ. ಕಳೆದ ವರ್ಷ ಸೇರಿದವರು ನಿಜವಾಗಿ ಎಷ್ಟು ಗಂಟೆ ಮಾಡಿದರು, ಬೋನಸ್ ಎಷ್ಟು ಜನಕ್ಕೆ ಬಂತು ಅಂತ. ಇದನ್ನು ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಪಕ್ಕ ಕೂತಿದ್ದ ಅಸೋಸಿಯೇಟ್ ಅಕ್ಕನಿಗೋ ಅಣ್ಣನಿಗೋ ಫೋನ್ ಮಾಡಿ ಕೇಳಿ. ಅವರು ‘1,500 ಆಗಿತ್ತು, ಆದರೂ ಕೊಟ್ಟರು’ ಅಂದರೆ ನೆಮ್ಮದಿಯಿಂದ ಸಹಿ ಹಾಕಿ. ‘ಕೆಲಸ ಇರಲಿಲ್ಲ, ಅದಕ್ಕೇ ಕಡಿದರು’ ಅಂದರೆ ಆ 1.8 ಲಕ್ಷವನ್ನು ಖಚಿತ ಸಂಬಳಕ್ಕೆ ಸೇರಿಸಿಕೊಡಿ ಅಂತ ಕೇಳಿ. 11 ಲಕ್ಷ ಖಚಿತ ಅಂದರೂ ಒಪ್ಪಿಕೊಳ್ಳಿ, 12ಕ್ಕಿಂತ ಅದೇ ಒಳ್ಳೆಯದು.

ಎರಡರಲ್ಲಿ ಯಾವುದಕ್ಕೆ ಹೋದರೂ ಫಲಿತಾಂಶ ಬಂದ ಕೂಡಲೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ. 2024ರ ಜುಲೈನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ. ಎಐಬಿಇ ಪರೀಕ್ಷೆಗೂ (ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ) ಆಗಲೇ ಅರ್ಜಿ ಹಾಕಿ, ಓದಿದ್ದು ನೆನಪಿರುವಾಗಲೇ ಬರೆದುಬಿಡುವುದು ಸುಲಭ. ಪರೀಕ್ಷೆಯ ದಿನ ರಜೆ ಬೇಕಾಗುತ್ತದೆ ಅಂತ ಅದೇ ಇಮೇಲಿನಲ್ಲಿ ತಿಳಿಸಿಬಿಡಿ.